ಓದದೆ ಉಳಿದ ಪತ್ರ: ಇ-ಮೇಲ್, ವಾಟ್ಸಾಪ್ ಮತ್ತು ನಮ್ಮ ದುಡಿಮೆ

(ವ್ಯಾಪಾರಿಗಳು, ಉದ್ಯೋಗಸ್ಥ ಯುವಕ ಯುವತಿಯರು ಮತ್ತು ಅವರ ಮನೆಯವರಿಗಾಗಿ ಏರ್ಪಡಿಸಲಾಗಿದ್ದ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ. - ಸಂ.)



ಅಂತರ್ಜಾಲ ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆಗಾಗಿ ತಾವು ನನ್ನನ್ನು ಕರೆದಿಲ್ಲವೆಂದು ಭಾವಿಸುತ್ತೇನೆ. ಆ ಚರ್ಚೆಯನ್ನು ನಾವು ಇಪ್ಪತ್ತು ವರ್ಷಗಳ ಹಿಂದೆ ಸಾಕಷ್ಟು ಮಾಡಿದ್ದೇವೆ. ಇಂದು ಈ ಸಭಾಂಗಣದಲ್ಲಿ ಮೊಬೈಲ್ ಇಲ್ಲದ ಒಬ್ಬರೂ ಇರಲಾರರು. ಮೀನು ಮಾರುವವರಿಂದ ಹಿಡಿದು ಲೆಕ್ಕ ಪರಿಶೋಧಕರವರೆಗೆ ಎಲ್ಲರ ದುಡಿಮೆಯೂ ಅದರೊಳಗೆ ಸೇರಿಕೊಂಡಿದೆ. ಆದ್ದರಿಂದ ನಾನು ಮಾತಾಡಬೇಕೆಂದಿರುವುದು ಹೊಟ್ಟೆಪಾಡಿನ ವಿಷಯ.

ಕಳೆದ ವರ್ಷ ನಮ್ಮ ಪಕ್ಕದ ಬೀದಿಯ ಹುಡುಗನೊಬ್ಬ ಮನೆಗೆ ಬಂದ. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದವನು. ಒಳ್ಳೆಯ ಅಂಕಗಳೂ ಇದ್ದವು. ಬೆಂಗಳೂರಿನ ಕಾರ್ಖಾನೆಯೊಂದಕ್ಕೆ ಅರ್ಜಿ ಹಾಕಿದ್ದ. "ಕಾಕಾ, ಅವರು ಕರೆಯಲೇ ಇಲ್ಲ. ನಮ್ಮ ಹೆಸರು ನೋಡಿಯೇ ಬಿಟ್ಟಿರಬೇಕು. ನೀವೊಮ್ಮೆ ಯಾರನ್ನಾದರೂ ವಿಚಾರಿಸುತ್ತೀರಾ?" ಎಂದು ಕೇಳಿದ. ಹೆಸರು ನೋಡಿ ಬಿಡುವವರು ಈ ದೇಶದಲ್ಲಿ ಇಲ್ಲವೆಂದು ನಾನು ಹೇಳಲಾರೆ. ಆದರೆ ಯಾರನ್ನಾದರೂ ವಿಚಾರಿಸುವ ಮೊದಲು ಅವನ ಇ-ಮೇಲ್ ತೆರೆಯಲು ಹೇಳಿದೆ. ಪಾಸ್‌ವರ್ಡ್ ಮರೆತಿದ್ದ. ಅರ್ಧ ಗಂಟೆ ಹೋರಾಡಿ ತೆರೆದಾಗ ಒಳಗೆ ಓದದೆ ಬಿದ್ದಿದ್ದ ಪತ್ರಗಳು ನಾಲ್ಕು ಸಾವಿರಕ್ಕೂ ಮಿಕ್ಕಿದ್ದವು. ಅವುಗಳ ನಡುವೆ ಆ ಕಾರ್ಖಾನೆಯ ಸಂದರ್ಶನ ಪತ್ರವೂ ಇತ್ತು. ಸಂದರ್ಶನದ ದಿನ ಕಳೆದು ಹನ್ನೊಂದು ದಿನಗಳಾಗಿದ್ದವು.

ಆತ ಸೋಮಾರಿಯೇನಲ್ಲ. ಆ ಹನ್ನೊಂದು ದಿನಗಳಲ್ಲಿಯೂ ಅವನ ಕೈಯಿಂದ ಮೊಬೈಲ್ ಕೆಳಗಿಳಿದಿರಲಿಕ್ಕಿಲ್ಲ. ಎಷ್ಟು ವಾಟ್ಸಾಪ್ ಗ್ರೂಪ್‌ಗಳಲ್ಲಿದ್ದೀಯಾ ಎಂದು ಕೇಳಿದೆ. ಎಣಿಸಿ ನೋಡಿ, ನಲವತ್ತಮೂರು ಎಂದ. ಆ ಗ್ರೂಪ್‌ಗಳಲ್ಲಿ ಆತ ನಿತ್ಯವೂ ಉತ್ತರಿಸುತ್ತಿದ್ದ, ವಾದಿಸುತ್ತಿದ್ದ, ಶುಭ ಕೋರುತ್ತಿದ್ದ. ಅಲ್ಲಿ ಯಾರೂ ಅವನ ಉತ್ತರಕ್ಕಾಗಿ ಕಾಯುತ್ತಿರಲಿಲ್ಲ. ಕಾಯುತ್ತಿದ್ದವರಿಗೆ ಮಾತ್ರ ಉತ್ತರ ಹೋಗಿರಲಿಲ್ಲ. ಸಹೋದರರೇ, ಇಂದು ನಾನು ಹೇಳಬೇಕೆಂದಿರುವುದೆಲ್ಲವೂ ಈ ಒಂದು ತಲೆಕೆಳಗಾದ ಲೆಕ್ಕದ ಸುತ್ತಲೇ ಇದೆ.

ಇದು ಆ ಹುಡುಗನೊಬ್ಬನ ಕತೆಯಲ್ಲ. ಮಕ್ಕಳ ನೀಟ್, ಸಿಇಟಿ ಅರ್ಜಿಗಳನ್ನು ಸೈಬರ್ ಸೆಂಟರಿನಲ್ಲಿ ತುಂಬಿಸುವಾಗ ಅಲ್ಲಿಯ ಹುಡುಗ ತನ್ನದೇ ಇ-ಮೇಲ್ ವಿಳಾಸವನ್ನು ಹಾಕಿಬಿಡುತ್ತಾನೆ. ನಾವು "ಆಯ್ತು, ಬೇಗ ಮುಗಿಸಪ್ಪಾ" ಎನ್ನುತ್ತೇವೆ. ಮುಂದೆ ಆ ಮಗುವಿಗೆ ಬರುವ ಸೂಚನೆಗಳೆಲ್ಲವೂ ಅಪರಿಚಿತನೊಬ್ಬನ ಪೆಟ್ಟಿಗೆಗೆ ಹೋಗಿ ಬೀಳುತ್ತವೆ. ಮನೆಯ ವಿಳಾಸ ಬರೆಯುವಲ್ಲಿ ಪಕ್ಕದ ಅಂಗಡಿಯ ವಿಳಾಸವನ್ನು ಬರೆಯಲು ನಾವು ಒಪ್ಪುತ್ತೇವೆಯೇ? ಎಸೆಸೆಲ್ಸಿ ಮುಗಿಸುವ ಪ್ರತಿಯೊಂದು ಮಗುವಿಗೂ, ಅದು ಹೆಣ್ಣಿರಲಿ ಗಂಡಿರಲಿ, ಸ್ವಂತದ್ದೊಂದು ಇ-ಮೇಲ್ ವಿಳಾಸ ಇರಲಿ. ಅದು ಅಂಕಪಟ್ಟಿಯಲ್ಲಿರುವ ಹೆಸರಿನಲ್ಲಿಯೇ ಇರಲಿ. 'ಕಿಂಗ್', 'ಡಾನ್', 'ರಾಕ್‌ಸ್ಟಾರ್' ಎಂದೆಲ್ಲ ಇರುವ ವಿಳಾಸಗಳಿಂದ ಬಂದ ಅರ್ಜಿಗಳನ್ನು ನಾನು ಕೆಲಸದಲ್ಲಿದ್ದಾಗ ನೋಡಿದ್ದೇನೆ. ಅವುಗಳನ್ನು ನೋಡಿ ನಾವು ನಗುತ್ತಿದ್ದೆವು ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಪಾಸ್‌ವರ್ಡನ್ನು ಮನೆಯ ಪುಸ್ತಕವೊಂದರಲ್ಲಿ ಬರೆದು ಕಪಾಟಿನಲ್ಲಿಡಿ. ಹೀಗೆ ಮಾಡಬಾರದೆಂದು ತಜ್ಞರು ಹೇಳಿಯಾರು. ಆದರೆ ಮರೆತು ಕೂರುವುದಕ್ಕಿಂತ ಇದು ಮೇಲು.

ಸ್ವಲ್ಪ ಹಿಂದಕ್ಕೆ ಹೋಗೋಣ. ಇ-ಮೇಲ್‌ಗೆ ಐವತ್ತಕ್ಕೂ ಹೆಚ್ಚು ವರ್ಷ ವಯಸ್ಸಾಗಿದೆ. 1971ರಲ್ಲಿ ರೇ ಟಾಮ್ಲಿನ್ಸನ್ ಎಂಬ ಅಮೆರಿಕದ ಇಂಜಿನಿಯರ್ ಜಾಲದ ಮೂಲಕ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಮೊದಲ ಸಂದೇಶ ಕಳುಹಿಸಿದರು. ಆ ಎರಡೂ ಯಂತ್ರಗಳು ಒಂದೇ ಕೋಣೆಯಲ್ಲಿ ಅಕ್ಕಪಕ್ಕದಲ್ಲಿದ್ದವು. ವಿಳಾಸದ ನಡುವೆ ನಾವು ಇಂದಿಗೂ ಬರೆಯುವ 'ಅಟ್' ಚಿಹ್ನೆಯನ್ನು ಆರಿಸಿದವರೂ ಅವರೇ. ಆ ಮೊದಲ ಸಂದೇಶದಲ್ಲಿ ಏನಿತ್ತೆಂದು ಅವರಿಗೇ ಸರಿಯಾಗಿ ನೆನಪಿರಲಿಲ್ಲ! 1996ರಲ್ಲಿ ಸಬೀರ್ ಭಾಟಿಯಾ ತನ್ನ ಗೆಳೆಯ ಜಾಕ್ ಸ್ಮಿತ್‌ನೊಂದಿಗೆ ಹಾಟ್‌ಮೇಲ್ ಆರಂಭಿಸಿದಾಗ ಇ-ಮೇಲ್ ಸಾಮಾನ್ಯರ ಕೈಗೆ ಉಚಿತವಾಗಿ ಬಂತು. ಭಾಟಿಯಾ ಬೆಂಗಳೂರಿನಲ್ಲಿ ಬೆಳೆದವರು. ಮರುವರ್ಷದ ಕೊನೆಯಲ್ಲಿ ಮೈಕ್ರೋಸಾಫ್ಟ್ ಅದನ್ನು ಖರೀದಿಸಿತು.

ನಾನು ಆಗ ದಮ್ಮಾಮ್‌ನ ಕಂಪೆನಿಯೊಂದರಲ್ಲಿ ಗುಮಾಸ್ತನಾಗಿದ್ದೆ. ಸೌದಿ ಅರೇಬಿಯಾದಲ್ಲಿ ಸಾರ್ವಜನಿಕರಿಗೆ ಅಂತರ್ಜಾಲ ದೊರೆತದ್ದು 1999ರಲ್ಲಿ. ಅದಕ್ಕಿಂತ ಮೊದಲು ಊರಿನೊಂದಿಗಿನ ನಮ್ಮ ಸಂಪರ್ಕವೆಂದರೆ ಕಾಗದ ಮತ್ತು ಕ್ಯಾಸೆಟ್. ಹೌದು, ಕ್ಯಾಸೆಟ್. ಊರಿಗೆ ಹೋಗುವವರ ಕೈಯಲ್ಲಿ ಧ್ವನಿ ತುಂಬಿದ ಕ್ಯಾಸೆಟ್ ಕಳುಹಿಸುತ್ತಿದ್ದೆವು. ಮನೆಯವರೆಲ್ಲರೂ ಟೇಪ್ ರೆಕಾರ್ಡರಿನ ಸುತ್ತ ಕುಳಿತು ಕೇಳುತ್ತಿದ್ದರು, ಉತ್ತರವನ್ನು ಅದೇ ಕ್ಯಾಸೆಟಿನ ಮಗ್ಗುಲು ಬದಲಿಸಿ ತುಂಬಿಸುತ್ತಿದ್ದರು. ಇಲ್ಲಿರುವ ತಾಯಂದಿರಲ್ಲಿ ಹಲವರಿಗೆ ಇದು ನೆನಪಿರಬಹುದು. ಅನಂತರ ಸೈಬರ್ ಕೆಫೆಗಳು ಬಂದವು. ಗಂಟೆಗೆ ಇಪ್ಪತ್ತೋ ಮೂವತ್ತೋ ರೂಪಾಯಿ. ಗಡಿಯಾರ ಓಡುತ್ತಿತ್ತು. ಏನು ಬರೆಯಬೇಕೆಂದು ಮನೆಯಲ್ಲಿಯೇ ಚೀಟಿ ಮಾಡಿಕೊಂಡು ಹೋಗುತ್ತಿದ್ದರು. ತೆರೆದ ಪತ್ರವನ್ನು ಪೂರ್ತಿಯಾಗಿ ಓದಿ, ಉತ್ತರಿಸಿ, ಬೇಡದ್ದನ್ನು ಅಳಿಸಿ ಎದ್ದು ಬರುತ್ತಿದ್ದರು. ಅಳಿಸಲೇಬೇಕಿತ್ತು, ಹಾಟ್‌ಮೇಲ್ ಆಗ ಕೊಡುತ್ತಿದ್ದ ಜಾಗ ಕೇವಲ 2 ಎಂಬಿ.

2004ರ ಏಪ್ರಿಲ್ 1ರಂದು ಗೂಗಲ್ ಜಿಮೇಲ್ ಅನ್ನು ಘೋಷಿಸಿತು. 1 ಜಿಬಿ ಜಾಗ! ಅನೇಕರು ಅದನ್ನು ಏಪ್ರಿಲ್ ಫೂಲ್ ಎಂದು ಭಾವಿಸಿದರು. ಇನ್ನು ಮುಂದೆ ಏನನ್ನೂ ಅಳಿಸಬೇಕಿಲ್ಲ ಎಂಬುದು ಅದರ ಆಕರ್ಷಣೆಯಾಗಿತ್ತು. ಅಂದಿನಿಂದ ನಮ್ಮ ಅಂಚೆ ಪೆಟ್ಟಿಗೆ ಗೋದಾಮಾಯಿತು. ಆಮೇಲೆ ಮೊಬೈಲ್ ಬಂತು. ಓಡುವ ಗಡಿಯಾರವೂ ಇಲ್ಲ, ಎದ್ದು ಬರಬೇಕಾದ ಕುರ್ಚಿಯೂ ಇಲ್ಲ. ತಂತ್ರಜ್ಞಾನ ನಮ್ಮ ಸೌಕರ್ಯವನ್ನು ನೂರು ಪಟ್ಟು ಹೆಚ್ಚಿಸಿತೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಸೈಬರ್ ಕೆಫೆಯ ಕಾಲದಲ್ಲಿ ಬಡತನದಿಂದಾಗಿ ನಮ್ಮಲ್ಲಿದ್ದ ಶಿಸ್ತು ಸೌಕರ್ಯ ಬಂದ ಕೂಡಲೇ ಹೊರಟುಹೋಯಿತು.

ಈ ಶಿಸ್ತನ್ನು ಮರಳಿ ತರಲು ಸಾಧ್ಯವೇ? ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. 124 ಮಂದಿಯನ್ನು ಆರಿಸಿ, ಒಂದು ವಾರ ದಿನಕ್ಕೆ ಮೂರು ಬಾರಿ ಮಾತ್ರ ಇ-ಮೇಲ್ ನೋಡಬೇಕು, ಇನ್ನೊಂದು ವಾರ ಎಷ್ಟು ಬಾರಿ ಬೇಕಾದರೂ ನೋಡಬಹುದು ಎಂದು ಹೇಳಲಾಯಿತು. ಮೂರು ಬಾರಿ ನೋಡಿದ ವಾರದಲ್ಲಿ ಅವರ ಮಾನಸಿಕ ಒತ್ತಡ ಸ್ಪಷ್ಟವಾಗಿ ಕಡಿಮೆಯಾಗಿತ್ತು. ಆದರೆ ನೋಡದೆ ಇರುವುದು ಅವರಿಗೆ ಕಷ್ಟವಾಯಿತು ಎಂಬುದನ್ನೂ ಸೇರಿಸಬೇಕು. ಅಮೆರಿಕದ ಗ್ಲೋರಿಯಾ ಮಾರ್ಕ್ ಎಂಬ ಪ್ರಾಧ್ಯಾಪಕಿ ಜನರು ಪರದೆಯ ಮೇಲೆ ಒಂದು ವಿಷಯದಲ್ಲಿ ಎಷ್ಟು ಹೊತ್ತು ನಿಲ್ಲುತ್ತಾರೆಂದು ವರ್ಷಗಟ್ಟಲೆ ಅಳೆದವರು. 2004ರ ಸುಮಾರಿಗೆ ಅದು ಸರಾಸರಿ ಎರಡೂವರೆ ನಿಮಿಷವಿತ್ತು. ಇತ್ತೀಚಿನ ವರ್ಷಗಳಲ್ಲಿ 47 ಸೆಕೆಂಡುಗಳಿಗೆ ಇಳಿದಿದೆ ಎಂದು ಅವರು 2023ರ ತಮ್ಮ ಪುಸ್ತಕದಲ್ಲಿ ಬರೆದಿದ್ದಾರೆ. 47 ಸೆಕೆಂಡಿನಲ್ಲಿ ಯಾವ ಲೆಕ್ಕ ಸರಿ ಹೋದೀತು? ಯಾವ ಟೆಂಡರ್ ಓದಿ ಮುಗಿದೀತು?

ದಿನವನ್ನು ನಿಗದಿತ ಸಮಯಗಳಾಗಿ ವಿಭಜಿಸಿಕೊಳ್ಳುವುದು ನಮಗೆ ಹೊಸತಲ್ಲ. ಐದು ಹೊತ್ತು ಕೆಲಸ ಬದಿಗಿಟ್ಟು ಏಳುವವರಿಗೆ ಸಮಯದ ಶಿಸ್ತನ್ನು ಕೆನಡಾದವರು ಕಲಿಸಬೇಕಿಲ್ಲ. ಅಂಗಡಿ ತೆರೆದ ಮೇಲೆ ಒಮ್ಮೆ, ಲುಹರ್ ನಮಾಝ್ ಮುಗಿಸಿ ಬಂದ ಮೇಲೆ ಒಮ್ಮೆ, ಬಾಗಿಲು ಹಾಕುವ ಮೊದಲು ಒಮ್ಮೆ ನೋಡಿ. ಕಚೇರಿಯಲ್ಲಿರುವವರು ಮೇಲಧಿಕಾರಿಯ ಅಗತ್ಯವನ್ನು ನೋಡಿಕೊಂಡು ಒಂದೆರಡು ಬಾರಿ ಹೆಚ್ಚಿಸಿಕೊಳ್ಳಲಿ. ನೋಡಿದಾಗ ಪೂರ್ತಿಯಾಗಿ ನೋಡಿ. ಎರಡು ನಿಮಿಷದಲ್ಲಿ ಉತ್ತರಿಸಬಹುದಾದದ್ದಕ್ಕೆ ಅಲ್ಲಿಯೇ ಉತ್ತರಿಸಿ. ಸಮಯ ಬೇಕಾದರೆ "ತಮ್ಮ ಪತ್ರ ತಲುಪಿದೆ, ಗುರುವಾರದೊಳಗೆ ತಿಳಿಸುತ್ತೇನೆ" ಎಂದು ಒಂದು ಸಾಲು ಬರೆಯಿರಿ. ನಮ್ಮ ವ್ಯಾಪಾರಿಗಳ ಮೇಲಿರುವ ದೊಡ್ಡ ದೂರು ಏನೆಂದು ಬಲ್ಲಿರಾ? ದರ ಹೆಚ್ಚೆಂದಲ್ಲ. "ಉತ್ತರವೇ ಕೊಡುವುದಿಲ್ಲ" ಎಂಬುದು. ಸರಕು ಇಲ್ಲದಿದ್ದರೆ ಇಲ್ಲವೆಂದು ಹೇಳಲು ನಮಗೆ ಸಂಕೋಚ. ಆ ಸಂಕೋಚದಿಂದ ಗ್ರಾಹಕನನ್ನು ಮೂರು ದಿನ ಕಾಯಿಸುತ್ತೇವೆ. ಆತ ನಾಲ್ಕನೆಯ ದಿನ ಬೇರೆಯವರ ಬಳಿಗೆ ಹೋಗುತ್ತಾನೆ, ಮತ್ತೆ ಬರುವುದಿಲ್ಲ.

ಪತ್ರ ಬರೆಯುವ ರೀತಿಯ ಬಗ್ಗೆಯೂ ಒಂದೆರಡು ಮಾತು. 'ಸಬ್ಜೆಕ್ಟ್' ಎಂಬ ಜಾಗವನ್ನು ಖಾಲಿ ಬಿಡಬೇಡಿ. ಅಲ್ಲಿ 'ಹಲೋ' ಎಂದೂ ಬರೆಯಬೇಡಿ. "ಮಾರ್ಚ್ ತಿಂಗಳ ಬಿಲ್ಲಿನ ಬಾಕಿ ಬಗ್ಗೆ" ಎಂದು ಬರೆದರೆ ಆರು ತಿಂಗಳ ನಂತರ ಹುಡುಕಿದರೂ ಸಿಗುತ್ತದೆ. ಒಂದು ಪತ್ರದಲ್ಲಿ ಒಂದೇ ವಿಷಯವಿರಲಿ. ಎರಡು ವಿಷಯ ಬರೆದರೆ ಎದುರಿನವರು ಸುಲಭವಾದದ್ದಕ್ಕೆ ಉತ್ತರಿಸಿ ಕಷ್ಟದ್ದನ್ನು ಬಿಟ್ಟುಬಿಡುತ್ತಾರೆ. ನಾವೂ ಹಾಗೆಯೇ ಮಾಡುತ್ತೇವೆ. ಇನ್ನು 'ರಿಪ್ಲೈ ಆಲ್' ಎಂಬ ಗುಂಡಿ. 2016ರ ನವೆಂಬರ್‌ನಲ್ಲಿ ಇಂಗ್ಲೆಂಡಿನ ಸರಕಾರಿ ಆರೋಗ್ಯ ಸೇವೆಯಲ್ಲಿ ಒಂದು ಪರೀಕ್ಷಾ ಸಂದೇಶ ತಪ್ಪಿ ಸುಮಾರು 8 ಲಕ್ಷ 40 ಸಾವಿರ ಸಿಬ್ಬಂದಿಯ ವಿಳಾಸಗಳಿಗೆ ಹೋಯಿತು. "ನನಗೇಕೆ ಕಳುಹಿಸಿದಿರಿ?" ಎಂದು ಹಲವರು ಎಲ್ಲರಿಗೂ ಉತ್ತರಿಸಿದರು. "ಎಲ್ಲರಿಗೂ ಉತ್ತರಿಸಬೇಡಿ" ಎಂದು ಇನ್ನು ಕೆಲವರು ಎಲ್ಲರಿಗೂ ಉತ್ತರಿಸಿದರು! ಇಡೀ ವ್ಯವಸ್ಥೆಯೇ ನಿಧಾನವಾಯಿತು.

ನನ್ನದೇ ತಪ್ಪನ್ನು ಹೇಳದಿದ್ದರೆ ಅನ್ಯಾಯವಾದೀತು. 2006ರಲ್ಲಿ ನಾನು ಖರೀದಿ ವಿಭಾಗದಲ್ಲಿದ್ದೆ. ಮೇಲಧಿಕಾರಿಯೊಬ್ಬರು ನನ್ನದಲ್ಲದ ತಪ್ಪಿಗೆ ನನ್ನನ್ನು ದೂರಿ ಪತ್ರ ಬರೆದರು. ರಾತ್ರಿ ಹನ್ನೊಂದು ಗಂಟೆ. ಸಿಟ್ಟಿನಲ್ಲಿ ಒಬ್ಬ ಸಹೋದ್ಯೋಗಿಗೆಂದು ನಾಲ್ಕು ಸಾಲು ಬರೆದೆ. ಅದರಲ್ಲಿ ಆ ಅಧಿಕಾರಿಯ ವಿದ್ಯಾರ್ಹತೆಯ ಬಗ್ಗೆಯೂ ಒಂದು ಮಾತಿತ್ತು. ಒತ್ತಿದ್ದು ಆ ಗುಂಡಿಯನ್ನು. ಮರುದಿನ ಬೆಳಿಗ್ಗೆ ಹದಿನಾಲ್ಕು ಮಂದಿ ಅದನ್ನು ಓದಿದ್ದರು, ಆ ಅಧಿಕಾರಿಯೂ ಸೇರಿದಂತೆ. ಕೆಲಸ ಹೋಗಲಿಲ್ಲ, ಆದರೆ ಮೂರು ವರ್ಷ ಭಡ್ತಿ ಸಿಗಲಿಲ್ಲ. ಆ ಮೂರು ವರ್ಷಗಳ ವೇತನದ ವ್ಯತ್ಯಾಸದಲ್ಲಿ ನನ್ನ ಮಗಳ ಕಾಲೇಜು ಶುಲ್ಕ ಮುಗಿಯುತ್ತಿತ್ತು. ಅಂದಿನಿಂದ ಸಿಟ್ಟಿನ ಪತ್ರವನ್ನು ನಾನು ವಿಳಾಸ ತುಂಬದೆ ಬರೆಯುತ್ತೇನೆ, ಬೆಳಿಗ್ಗೆ ಓದುತ್ತೇನೆ. ಕಳುಹಿಸಿದ್ದು ಬಹಳ ಅಪರೂಪ.

ಇದೀಗ ವ್ಯಾಪಾರಿಗಳು ಗಮನವಿಟ್ಟು ಕೇಳಬೇಕಾದ ವಿಷಯಕ್ಕೆ ಬರುತ್ತೇನೆ. ಇ-ಮೇಲ್ ಮತ್ತು ವಾಟ್ಸಾಪ್ ಮಾತು ಬಾಯಿಮಾತಿನಂತೆ ಗಾಳಿಯಲ್ಲಿ ಹೋಗುತ್ತದೆಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ. ಟ್ರೈಮೆಕ್ಸ್ ಇಂಟರ್‌ನ್ಯಾಷನಲ್ ಎಂಬ ದುಬೈ ಕಂಪೆನಿ ಮತ್ತು ವೇದಾಂತ ಅಲ್ಯೂಮಿನಿಯಂ ನಡುವೆ 2007ರಲ್ಲಿ ಬಾಕ್ಸೈಟ್ ಅದಿರು ಪೂರೈಕೆಯ ಬಗ್ಗೆ ಇ-ಮೇಲ್‌ಗಳ ವಿನಿಮಯವಾಗಿತ್ತು. ಸಹಿ ಹಾಕಿದ ವಿಧ್ಯುಕ್ತ ಕರಾರು ಪತ್ರ ಆಗಿರಲಿಲ್ಲ. ಆದ್ದರಿಂದ ಒಪ್ಪಂದವೇ ಆಗಿಲ್ಲವೆಂದು ವೇದಾಂತ ವಾದಿಸಿತು. 2010ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ವಾದವನ್ನು ಒಪ್ಪಲಿಲ್ಲ. ಇ-ಮೇಲ್ ಮೂಲಕ ಮುಂದಿಟ್ಟ ಷರತ್ತುಗಳನ್ನು ಇ-ಮೇಲ್ ಮೂಲಕವೇ ಒಪ್ಪಿಕೊಂಡ ಬಳಿಕ ಒಪ್ಪಂದ ಏರ್ಪಟ್ಟಿದೆ ಎಂದಿತು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 10ಎ ಕಲಮು ಕೂಡ ಒಪ್ಪಂದವು ವಿದ್ಯುನ್ಮಾನ ರೂಪದಲ್ಲಿದೆ ಎಂಬ ಒಂದೇ ಕಾರಣಕ್ಕೆ ಅಸಿಂಧುವಾಗದು ಎನ್ನುತ್ತದೆ. ಇಷ್ಟೆಲ್ಲ ಇರುವಾಗ ಬೈಕಿನಲ್ಲಿ ಕುಳಿತು, ಓದದೆ, ಹೆಬ್ಬೆರಳ ಚಿಹ್ನೆಯೊಂದನ್ನು ಒತ್ತಿ ಕಳುಹಿಸುವುದು ಎಂಥ ದುಸ್ಸಾಹಸ!

ಇದರ ಮತ್ತೊಂದು ಮಗ್ಗುಲೂ ಇದೆ. ಇನ್ನೊಬ್ಬರು ನಿಮಗೆ ಬರೆದದ್ದೂ ನಿಮ್ಮ ಪಾಲಿಗೆ ಸಾಕ್ಷ್ಯವೇ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ವಿದ್ಯುನ್ಮಾನ ದಾಖಲೆಗಳನ್ನು ನಿಗದಿತ ಪ್ರಮಾಣಪತ್ರದೊಂದಿಗೆ ನ್ಯಾಯಾಲಯದ ಮುಂದಿಡಬಹುದು. ಆದ್ದರಿಂದ ಧ್ವನಿ ಸಂದೇಶದಲ್ಲಿ ಆರ್ಡರ್ ಬಂದರೆ ಅದನ್ನು ಬರೆದು ಮರಳಿ ಕಳುಹಿಸಿ: "ತಾವು ಹೇಳಿದಂತೆ 40 ಚೀಲ, ಈ ದರ, ಈ ದಿನ. ಸರಿಯೇ?" ಎದುರಿನವರು ಹೌದೆಂದರೆ ಸಾಕು. ವ್ಯಾಪಾರದ ಮಾತುಕತೆಯಲ್ಲಿ ಸಂದೇಶ ತಾನಾಗಿ ಮಾಯವಾಗುವ ವ್ಯವಸ್ಥೆಯನ್ನು ಆರಿಸಿಡಿ. ವಾಟ್ಸಾಪ್ ಬಿಸಿನೆಸ್ ಎಂಬ ಪ್ರತ್ಯೇಕ ಆ್ಯಪ್ 2018ರಿಂದ ಉಚಿತವಾಗಿ ಸಿಗುತ್ತಿದೆ. ಅದರಲ್ಲಿ ಅಂಗಡಿಯ ಸಮಯ ಹಾಕಬಹುದು, ಸರಕಿನ ಪಟ್ಟಿ ಇಡಬಹುದು, ಹಣ ಬಂದವರು, ಬಾರದವರು ಎಂದು ಗುರುತು ಹಚ್ಚಬಹುದು. ಅಂಗಡಿಯ ನಂಬರಿಗೂ ಮನೆಯ ನಂಬರಿಗೂ ನಡುವೆ ಒಂದು ಗೋಡೆ ಇರಲಿ. ಮದುವೆ ಮನೆಯ ಫೋಟೋ, ಕ್ರಿಕೆಟಿನ ಚರ್ಚೆ ಮತ್ತು ಐವತ್ತು ಸಾವಿರದ ಆರ್ಡರ್ ಒಂದೇ ಸಾಲಿನಲ್ಲಿ ನಿಂತರೆ ಕಳೆದುಹೋಗುವುದು ಆರ್ಡರೇ.

ವಂಚನೆಯ ಬಗ್ಗೆ ಚುಟುಕಾಗಿ ಹೇಳುತ್ತೇನೆ. ನೀವು ಮಾಮೂಲಾಗಿ ಸರಕು ತರಿಸುವವರಿಂದ ಒಂದು ಪತ್ರ ಬರುತ್ತದೆ: "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಇನ್ನು ಮುಂದೆ ಈ ಖಾತೆಗೆ ಹಾಕಿ." ವಿಳಾಸದಲ್ಲಿ ಒಂದೇ ಒಂದು ಅಕ್ಷರದ ವ್ಯತ್ಯಾಸ. ಹಳ್ಳಿಯ ವ್ಯಾಪಾರಿ ಮಾತ್ರ ಮೋಸ ಹೋಗುತ್ತಾನೆಂದು ತಿಳಿಯಬೇಡಿ. ಲಿಥುವೇನಿಯಾದ ಒಬ್ಬ ವ್ಯಕ್ತಿ 2013ರಿಂದ 2015ರವರೆಗೆ ಪೂರೈಕೆದಾರನ ವೇಷದಲ್ಲಿ ಸುಳ್ಳು ಬಿಲ್ಲುಗಳನ್ನು ಕಳುಹಿಸಿ ಗೂಗಲ್ ಮತ್ತು ಫೇಸ್‌ಬುಕ್‌ನಿಂದಲೇ 10 ಕೋಟಿ ಡಾಲರಿಗೂ ಹೆಚ್ಚು ಹಣ ದೋಚಿದ. 2019ರಲ್ಲಿ ಅವನಿಗೆ ಐದು ವರ್ಷಗಳ ಸಜೆಯಾಯಿತು. ಇ-ಮೇಲ್ ಲೋಕವನ್ನೇ ಆಳುವವರ ಗತಿ ಹೀಗಾದರೆ ನಮ್ಮದೇನು? ಖಾತೆ ಬದಲಾದ ಪತ್ರ ಬಂದಾಗ ಆ ಪತ್ರದಲ್ಲಿರುವ ನಂಬರಿಗಲ್ಲ, ನಿಮ್ಮ ಬಳಿ ಮೊದಲಿನಿಂದ ಇರುವ ನಂಬರಿಗೆ ಕರೆ ಮಾಡಿ ಕೇಳಿ. ಹಣ ಹೋಯಿತೆಂದು ತಿಳಿದ ಕೂಡಲೇ 1930ಕ್ಕೆ ಕರೆ ಮಾಡಿ. ನಾಚಿಕೆಯಿಂದ ಎರಡು ದಿನ ಸುಮ್ಮನಿದ್ದರೆ ಹಣ ಕೈಗೆಟಕದಷ್ಟು ದೂರ ಹೋಗಿರುತ್ತದೆ.

ಇನ್ನು ಸಾಮಾಜಿಕ ಜಾಲತಾಣ. ಇಲ್ಲಿ ನಮ್ಮ ಯುವಕರೊಂದಿಗೆ ಸ್ವಲ್ಪ ಕಠಿಣವಾಗಿಯೇ ಮಾತಾಡಬೇಕಾಗಿದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ರದ್ದುಪಡಿಸಿತು. ಅದು ಅಭಿಪ್ರಾಯ ಸ್ವಾತಂತ್ರ್ಯದ ದೊಡ್ಡ ಗೆಲುವಾಗಿತ್ತು. ಆದರೆ ಇನ್ನು ಏನು ಬರೆದರೂ ಕೇಳುವವರಿಲ್ಲವೆಂದು ಕೆಲವರು ಭಾವಿಸಿದ್ದಾರೆ. ಹಿಂದಿನ ದಂಡ ಸಂಹಿತೆಯ 153ಎ ಮತ್ತು 295ಎ ಕಲಮುಗಳು ಭಾರತೀಯ ನ್ಯಾಯ ಸಂಹಿತೆಯಲ್ಲಿ 196 ಮತ್ತು 299 ಆಗಿ ಮುಂದುವರಿದಿವೆ. ಇವು ಎಲ್ಲರ ಮೇಲೂ ಒಂದೇ ರೀತಿ ಪ್ರಯೋಗವಾಗುತ್ತಿವೆಯೇ ಎಂಬ ಪ್ರಶ್ನೆ ನ್ಯಾಯವಾದದ್ದು, ಅದನ್ನು ಕೇಳುತ್ತಲೇ ಇರಬೇಕು. ಆದರೆ ಪ್ರಶ್ನೆ ಕೇಳುವುದಕ್ಕೂ, ರಾತ್ರಿ ಒಂದು ಗಂಟೆಗೆ ಯಾರದೋ ಬೈಗುಳಕ್ಕೆ ಬೈಗುಳದಲ್ಲಿ ಉತ್ತರಿಸಿ ತಂದೆ ತಾಯಿಯನ್ನು ಠಾಣೆಯ ಮೆಟ್ಟಿಲು ಹತ್ತಿಸುವುದಕ್ಕೂ ವ್ಯತ್ಯಾಸವಿದೆ.

ಗಲ್ಫಿನಲ್ಲಿರುವವರು ಇನ್ನೂ ಎಚ್ಚರದಿಂದಿರಬೇಕು. 2020ರಲ್ಲಿ ಯುಎಇಯಲ್ಲಿ ಕೆಲವು ಭಾರತೀಯರು ಮುಸ್ಲಿಮರ ವಿರುದ್ಧ ದ್ವೇಷದ ಪೋಸ್ಟ್‌ಗಳನ್ನು ಹಾಕಿ ಕೆಲಸ ಕಳೆದುಕೊಂಡಾಗ ಆ ಸುದ್ದಿಯನ್ನು ನಮ್ಮವರು ಸಂಭ್ರಮದಿಂದ ಹಂಚಿದರು. ಆದರೆ ಅಲ್ಲಿಯ ಕಾನೂನು ಧರ್ಮ ನೋಡಿ ಹಗುರವಾಗುವುದಿಲ್ಲ. 2022ರ ಜನವರಿಯಿಂದ ಜಾರಿಯಲ್ಲಿರುವ ಅಲ್ಲಿನ 2021ರ 34ನೇ ಸಂಖ್ಯೆಯ ಸೈಬರ್ ಅಪರಾಧ ಕಾನೂನು ವದಂತಿ ಹಬ್ಬಿಸುವುದನ್ನೂ ಅಪರಾಧವೆಂದು ಪರಿಗಣಿಸುತ್ತದೆ. ಊರಿನ ಗ್ರೂಪಿನಲ್ಲಿ ಯಾರೋ ಹಾಕಿದ ತುಣುಕನ್ನು ಶಾರ್ಜಾದ ಕೋಣೆಯಲ್ಲಿ ಕುಳಿತು ಮುಂದಕ್ಕೆ ತಳ್ಳುವಾಗ, ಆ ಬೆರಳಿನ ತುದಿಯಲ್ಲಿ ಐದಾರು ಮಂದಿಯ ಅನ್ನವಿರುತ್ತದೆ.

ಮುಂದಕ್ಕೆ ತಳ್ಳುವುದರಿಂದ ಏನಾಗುತ್ತದೆ ಎಂಬುದಕ್ಕೆ ನಾವು ದೂರ ಹೋಗಬೇಕಿಲ್ಲ. 2018ರ ಜುಲೈಯಲ್ಲಿ ನಮ್ಮ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ ಹೈದರಾಬಾದಿನಿಂದ ಬಂದಿದ್ದ ಯುವ ಇಂಜಿನಿಯರ್ ಒಬ್ಬನನ್ನು ಮಕ್ಕಳ ಕಳ್ಳನೆಂಬ ಶಂಕೆಯಿಂದ ಜನರ ಗುಂಪು ಹೊಡೆದು ಕೊಂದಿತು. ವದಂತಿ ವಾಟ್ಸಾಪಿನಲ್ಲಿ ಹರಡಿತ್ತು. ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಫಾರ್ವರ್ಡ್ ಮಾಡುವಂತೆ ಮಿತಿ ಹೇರಿತು. ಆ ಗ್ರಾಮದಲ್ಲಿ ಸಂದೇಶ ತಳ್ಳಿದವರಲ್ಲಿ ಹೆಚ್ಚಿನವರು ತಾವು ಊರಿನ ಮಕ್ಕಳನ್ನು ರಕ್ಷಿಸುತ್ತಿದ್ದೇವೆಂದೇ ನಂಬಿದ್ದಿರಬೇಕು.

ಹಾಗಾದರೆ ಜಾಲತಾಣವನ್ನೇ ಬಿಟ್ಟುಬಿಡಬೇಕೇ? ಹಾಗೆ ಹೇಳುವವರೊಂದಿಗೆ ನನಗೆ ಸಹಮತವಿಲ್ಲ. ನಮ್ಮ ಬೀದಿಯ ಒಬ್ಬ ಸಹೋದರಿ ಗಂಡನ ಅನಾರೋಗ್ಯದ ಬಳಿಕ ಹೊಲಿಗೆಯಿಂದ ಮನೆ ನಡೆಸುತ್ತಿದ್ದಾರೆ. ಅವರ ಗಿರಾಕಿಗಳಲ್ಲಿ ಮುಕ್ಕಾಲು ಪಾಲು ಇನ್‌ಸ್ಟಾಗ್ರಾಮಿನಲ್ಲಿ ಬಟ್ಟೆಯ ಫೋಟೋ ನೋಡಿ ಬಂದವರು. ಆದರೆ ಆಕೆಯ ಕಷ್ಟವೂ ಅಲ್ಲಿಂದಲೇ ಆರಂಭವಾಯಿತು. ರಾತ್ರಿ ಹನ್ನೆರಡಕ್ಕೆ "ಆಪಾ, ರೇಟ್ ಎಷ್ಟು?" ಎಂಬ ಪ್ರಶ್ನೆ. ಉತ್ತರಿಸದಿದ್ದರೆ ಗಿರಾಕಿ ಹೋದಾರೆಂಬ ಭಯ, ಉತ್ತರಿಸಿದರೆ ಮನೆಯಲ್ಲಿ ಗೊಣಗಾಟ, ಮಲಗಿದ ಮಗುವಿಗೆ ಎಚ್ಚರ. ನಾವು ಕುಳಿತು ಒಂದು ಸಣ್ಣ ಏರ್ಪಾಡು ಮಾಡಿದೆವು. "ಬೆಳಿಗ್ಗೆ 10ರಿಂದ ಸಂಜೆ 6ರವರೆಗೆ ಉತ್ತರಿಸಲಾಗುವುದು" ಎಂಬ ಸ್ವಯಂಚಾಲಿತ ಉತ್ತರ. ಪದೇ ಪದೇ ಕೇಳುವ ಐದು ಪ್ರಶ್ನೆಗಳಿಗೆ ಸಿದ್ಧ ಉತ್ತರಗಳು. ಪ್ರತಿ ಫೋಟೋದ ಕೆಳಗೆ ದರ. ಆಕೆಗೆ ಒಬ್ಬ ಗಿರಾಕಿಯೂ ತಪ್ಪಲಿಲ್ಲ. ದರ ಬರೆದುದರಿಂದ ಚೌಕಾಸಿ ಕಡಿಮೆಯಾಯಿತೆಂದು ಆಕೆ ನಗುತ್ತಾ ಹೇಳುತ್ತಾರೆ.

ಇದೇ ಪ್ರಶ್ನೆಯನ್ನು ಉದ್ಯೋಗಸ್ಥರ ವಿಷಯದಲ್ಲಿ ಕೇಳೋಣ. ಕಚೇರಿ ಮುಗಿದ ಬಳಿಕವೂ ಸಂದೇಶಕ್ಕೆ ಉತ್ತರಿಸಬೇಕೇ? ಫ್ರಾನ್ಸ್ 2017ರ ಜನವರಿ 1ರಿಂದ ಕೆಲಸದ ಸಮಯದ ಹೊರಗೆ ಸಂಪರ್ಕ ಕಡಿದುಕೊಳ್ಳುವ ಹಕ್ಕನ್ನು ಕಾನೂನಿಗೆ ಸೇರಿಸಿತು. ಪೋರ್ಚುಗಲ್ 2021ರಲ್ಲಿ ಇಂಥದೇ ಕಾನೂನು ಮಾಡಿತು. ಆಸ್ಟ್ರೇಲಿಯಾದಲ್ಲಿ ಇದು 2024ರ ಆಗಸ್ಟ್ 26ರಿಂದ ಜಾರಿಗೆ ಬಂತು. ಒಂದು ವರ್ಷದ ಬಳಿಕ ಸಣ್ಣ ಸಂಸ್ಥೆಗಳಿಗೂ ಅನ್ವಯವಾಯಿತು. ನಮ್ಮಲ್ಲಿ ಸಂಸದೆ ಸುಪ್ರಿಯಾ ಸುಳೆ 2018ರಲ್ಲಿಯೇ ಲೋಕಸಭೆಯಲ್ಲಿ ಖಾಸಗಿ ಮಸೂದೆಯೊಂದನ್ನು ಮಂಡಿಸಿದ್ದರು, ಅದು ಕಾನೂನಾಗಲಿಲ್ಲ. ಬದಲಿಗೆ ನಮ್ಮ ರಾಜ್ಯದಲ್ಲಿ 2024ರ ಜುಲೈಯಲ್ಲಿ ಐಟಿ ನೌಕರರ ದುಡಿಮೆಯನ್ನು ದಿನಕ್ಕೆ 14 ಗಂಟೆಗಳವರೆಗೆ ಹಿಗ್ಗಿಸುವ ಪ್ರಸ್ತಾಪ ಬಂದು ನೌಕರ ಸಂಘಟನೆಗಳು ವಿರೋಧಿಸಬೇಕಾಯಿತು. ನೌಕರನ ರಾತ್ರಿಗೆ ಬೆಲೆ ಕಟ್ಟದ ಆರ್ಥಿಕ ನೀತಿ ಎಂಥ ಅಭಿವೃದ್ಧಿಯನ್ನು ತರುತ್ತದೆ ಎಂದು ಆಳುವವರು ಉತ್ತರಿಸಬೇಕು.

ಆದರೆ ಸರಕಾರವನ್ನು ಪ್ರಶ್ನಿಸುವ ನಾವು ನಮ್ಮ ಅಂಗಡಿಯ ಹುಡುಗನನ್ನು ಹೇಗೆ ನಡೆಸಿಕೊಳ್ಳುತ್ತಿದ್ದೇವೆ? ದಿನವಿಡೀ ನಿಂತು ದುಡಿದು, ರಾತ್ರಿ ಹತ್ತಕ್ಕೆ ಮನೆ ಸೇರಿದವನಿಗೆ ಹನ್ನೊಂದಕ್ಕೆ "ನಾಳೆ ಬರುವಾಗ ಆ ಬಿಲ್ ಬುಕ್ ತಾ" ಎಂದು ಸಂದೇಶ. ಎರಡು ನೀಲಿ ಗೆರೆ ಬಿದ್ದು ಉತ್ತರ ಬಾರದಿದ್ದರೆ ಬೆಳಿಗ್ಗೆ ವಿಚಾರಣೆ. ಈ ಸಭೆಯಲ್ಲಿ ಹತ್ತಿಪ್ಪತ್ತು ಮಂದಿ ಧಣಿಗಳಿದ್ದಾರೆ, ಅವರಲ್ಲಿ ಕೆಲವರು ಈಗ ತಲೆ ಕೆಳಗೆ ಹಾಕಿರುವುದು ನನಗೆ ಕಾಣುತ್ತಿದೆ! ನೆನಪಾದ ಕೂಡಲೇ ಬರೆದುಕೊಳ್ಳಿ, ತಪ್ಪಿಲ್ಲ. ಕಳುಹಿಸುವುದನ್ನು ಬೆಳಿಗ್ಗೆಗೆ ಇಡಿ. ಜಿಮೇಲಿನಲ್ಲಿ ಪತ್ರವನ್ನು ಈಗ ಬರೆದು ನಾಳೆ ಬೆಳಿಗ್ಗೆ ಹೋಗುವಂತೆ ಮಾಡುವ ವ್ಯವಸ್ಥೆ 2019ರಿಂದ ಇದೆ.

ಕೊನೆಯದಾಗಿ ಆ ಹುಡುಗನ ವಿಷಯ. ನಾವಿಬ್ಬರೂ ಸೇರಿ ಆ ಕಾರ್ಖಾನೆಗೆ ಒಂದು ಪತ್ರ ಬರೆದೆವು. ಸುಳ್ಳು ಕಾರಣ ಕೊಡಲಿಲ್ಲ. ಪತ್ರವನ್ನು ತಡವಾಗಿ ನೋಡಿದೆ, ಕ್ಷಮೆಯಿರಲಿ, ಮುಂದೆ ಅವಕಾಶವಿದ್ದರೆ ತಿಳಿಸಿ ಎಂದಷ್ಟೇ ಬರೆದೆವು. ಆ ಕೆಲಸ ಸಿಗಲಿಲ್ಲ, ಬೇರೆಯವರನ್ನು ತೆಗೆದುಕೊಂಡಾಗಿತ್ತು. ಆದರೆ ಎರಡನೇ ದಿನವೇ ಉತ್ತರ ಬಂತು, ವಿನಯದ ಉತ್ತರ. ಐದು ತಿಂಗಳ ನಂತರ ಅದೇ ವಿಳಾಸದಿಂದ ಇನ್ನೊಂದು ಹುದ್ದೆಗೆ ಕರೆ ಬಂತು. ಈ ಬಾರಿ ಅವನು ಒಂದು ಗಂಟೆಯೊಳಗೆ ಉತ್ತರಿಸಿದ್ದಾನೆ. ಮುಂದಿನ ಸೋಮವಾರ ಸಂದರ್ಶನವಿದೆ. ತಾವೆಲ್ಲರೂ ಅವನಿಗಾಗಿ ದುಆ ಮಾಡಿ.

ಚಹಾದ ನಂತರ ನಾನು ಆ ಮೂಲೆಯ ಮೇಜಿನ ಬಳಿ ಕಂಪ್ಯೂಟರಿನೊಂದಿಗೆ ಕುಳಿತಿರುತ್ತೇನೆ. ಪಾಸ್‌ವರ್ಡ್ ಮರೆತವರು ಸಂಕೋಚಪಡದೆ ಬನ್ನಿ. ತಾಯಂದಿರು ಮಕ್ಕಳ ಹೆಸರಿನಲ್ಲಿ ಹೊಸ ವಿಳಾಸ ಮಾಡಿಸಬೇಕಿದ್ದರೆ ಅಂಕಪಟ್ಟಿಯಲ್ಲಿರುವ ಹೆಸರಿನ ಅಕ್ಷರಗಳನ್ನು ಸರಿಯಾಗಿ ಬರೆದು ತನ್ನಿ. ಮೊಬೈಲನ್ನೂ ಜೊತೆಗೆ ತನ್ನಿ, ಅದಕ್ಕೊಂದು ಸಂಖ್ಯೆ ಬರುತ್ತದೆ.